‘ಮಿಡ್‌ಬ್ರೈನ್ ಆಕ್ಟಿವೇಷನ್’ ಶಿಬಿರ: ಮಧ್ಯಮೆದುಳು ನಿಜಕ್ಕೂ ಮಾಡುವ ಕೆಲಸವೇನು?

ಹೇಮಾವತಿತೀರ

ನಮ್ಮ ಊರಿನಲ್ಲಿ ಮುಂದಿನ ತಿಂಗಳು ಎರಡು ದಿನಗಳ ‘ಮಿಡ್‌ಬ್ರೈನ್ ಆಕ್ಟಿವೇಷನ್’ ಶಿಬಿರ ನಡೆಯಲಿದ್ದು, ನನ್ನ ಅಣ್ಣ ತಮ್ಮ ಒಂಬತ್ತು ವರ್ಷದ ಮಗನನ್ನು ಅದಕ್ಕೆ ಸೇರಿಸಬೇಕೆಂದು ನಿಶ್ಚಯಿಸಿದ್ದಾರೆ. ಪ್ರಾತ್ಯಕ್ಷಿಕೆಯ ದಿನ ಒಬ್ಬ ಹುಡುಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಣ್ಣದ ಕಾರ್ಡುಗಳನ್ನು ಗುರುತಿಸಿದಳಂತೆ, ನೋಟಿನ ಮೇಲಿನ ಸಂಖ್ಯೆಯನ್ನು ಓದಿದಳಂತೆ. ಸಾಮಾನ್ಯರಲ್ಲಿ ಮಧ್ಯಮೆದುಳು ನಿದ್ರಾವಸ್ಥೆಯಲ್ಲಿರುತ್ತದೆ, ಅದು ಎಡ ಮತ್ತು ಬಲ ಮೆದುಳುಗಳ ನಡುವಿನ ಸೇತುವೆ, ವಿಶೇಷ ಸಂಗೀತದಿಂದ ಅದನ್ನು ಎಬ್ಬಿಸಿದರೆ ನೆನಪಿನ ಶಕ್ತಿ, ಏಕಾಗ್ರತೆ ಎಲ್ಲವೂ ಹೆಚ್ಚುತ್ತವೆ ಎಂಬುದು ಸಂಘಟಕರ ವಿವರಣೆ.

ಪಿಯುಸಿಯಲ್ಲಿ ನಾನು ಮನಃಶಾಸ್ತ್ರ ಓದಿದ್ದೆ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಎಂಬ ಚಿತ್ರ ನೆನಪಿದೆಯೇ ಹೊರತು ಮಧ್ಯಮೆದುಳಿನ ಬಗ್ಗೆ ನಮ್ಮ ಪುಸ್ತಕದಲ್ಲಿ ಎರಡು ಸಾಲಿಗಿಂತ ಹೆಚ್ಚೇನೂ ಇರಲಿಲ್ಲ. ಅಣ್ಣನೊಂದಿಗೆ ಜಗಳವಾಡುವ ಮನಸ್ಸಿಲ್ಲ, ಆದರೆ ‘ನಿನಗೇನು ಗೊತ್ತು’ ಎಂದು ಅವರು ಕೇಳಿದಾಗ ಹೇಳಲು ನನ್ನ ಬಳಿ ಸರಿಯಾದ ಉತ್ತರವಿರಬೇಕು. ಈ ಭಾಗ ನಿಜವಾಗಿಯೂ ಮಲಗಿರುತ್ತದೆಯೇ? ಕಣ್ಣು ಮುಚ್ಚಿಕೊಂಡು ನೋಡಲು ಯಾವುದಾದರೂ ನರಮಾರ್ಗ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನರಜಾಲ

ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಬೋಧಿಸುವವಳಾದ್ದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ನರಮಂಡಲದ ಪಾಠ ಬಂದಾಗ ಯಾರಾದರೊಬ್ಬ ವಿದ್ಯಾರ್ಥಿ ಇದನ್ನು ಕೇಳಿಯೇ ಕೇಳುತ್ತಾರೆ.

ಮಧ್ಯಮೆದುಳು ಸುಮಾರು 2 ಸೆಂಟಿಮೀಟರ್ ಉದ್ದದ, ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದ ಮೇಲ್ತುದಿಯಲ್ಲಿರುವ ಭಾಗ. ಗಾತ್ರ ಚಿಕ್ಕದಾದರೂ ಅದಕ್ಕೆ ಬಿಡುವೆಂಬುದಿಲ್ಲ. ಅದರ ಹಿಂಬದಿಯಲ್ಲಿ ನಾಲ್ಕು ಪುಟ್ಟ ಉಬ್ಬುಗಳಿವೆ. ಮೇಲಿನ ಜೋಡಿ, ಬದಿಯಲ್ಲಿ ಏನಾದರೂ ಥಟ್ಟನೆ ಚಲಿಸಿದಾಗ ಕಣ್ಣು ಮತ್ತು ಕತ್ತು ಅತ್ತ ತಿರುಗುವಂತೆ ಮಾಡುತ್ತದೆ. ಕೆಳಗಿನ ಜೋಡಿ, ಕಿವಿಯಿಂದ ಮೇಲಕ್ಕೆ ಸಾಗುವ ಶಬ್ದಮಾರ್ಗದಲ್ಲಿ ತಪ್ಪದೆ ಸಿಗುವ ನಿಲ್ದಾಣ. ಕಣ್ಣುಗುಡ್ಡೆಯನ್ನು ಆಡಿಸುವ ಮೂರನೆಯ ಮತ್ತು ನಾಲ್ಕನೆಯ ಕಪಾಲ ನರಗಳ ಮೂಲವೂ ಇಲ್ಲಿಯೇ ಇದೆ. ವೈದ್ಯರು ಪ್ರಜ್ಞೆ ತಪ್ಪಿದ ರೋಗಿಯ ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದೆಯೇ ಎಂದು ನೋಡುವುದನ್ನು ನೀವು ಗಮನಿಸಿರಬಹುದು. ಬೆಳಕಿನ ಸುದ್ದಿ ಕಣ್ಣಿನ ಒಳಪದರವಾದ ರೆಟಿನಾದಿಂದ ಮಧ್ಯಮೆದುಳಿಗೆ ಬಂದು, ಅಲ್ಲಿಂದಲೇ ಪಾಪೆಯ ಸ್ನಾಯುವಿಗೆ ಆಜ್ಞೆ ಹಿಂತಿರುಗುವುದರಿಂದ, ಆ ಪರೀಕ್ಷೆ ಮುಖ್ಯವಾಗಿ ಮಧ್ಯಮೆದುಳು ಕೆಲಸ ಮಾಡುತ್ತಿದೆಯೇ ಎಂಬುದರ ಪರೀಕ್ಷೆ. ನಿಮ್ಮ ಅಣ್ಣನ ಮಗನ ಪಾಪೆ ಬಿಸಿಲಿಗೆ ಬಂದಾಗ ಕಿರಿದಾಗುತ್ತಿದ್ದರೆ ಆ ದಾರಿ ಅವನಲ್ಲಿ ಈಗಾಗಲೇ ಎಚ್ಚರವಾಗಿದೆ ಎಂದೇ ಅರ್ಥ.

‘ಎಚ್ಚರ’ದ ವಿಷಯದಲ್ಲಂತೂ ಸಂಘಟಕರ ಮಾತು ವಾಸ್ತವಕ್ಕೆ ಪೂರ್ತಿ ತಿರುಗುಮುರುಗಾಗಿದೆ. 1917ರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಒಂದು ವಿಚಿತ್ರವಾದ ಮೆದುಳು ಉರಿಯೂತವನ್ನು ವರ್ಣಿಸಿದರು. ಆ ರೋಗಿಗಳಲ್ಲಿ ಅನೇಕರು ವಾರಗಟ್ಟಲೆ ನಿದ್ರೆಯಲ್ಲಿಯೇ ಮುಳುಗಿರುತ್ತಿದ್ದರು. ಮೃತರ ಮೆದುಳನ್ನು ಪರೀಕ್ಷಿಸಿದಾಗ, ಅತಿಯಾಗಿ ನಿದ್ರಿಸುತ್ತಿದ್ದವರಲ್ಲಿ ಮಧ್ಯಮೆದುಳು ಮತ್ತು ಅದರ ಮುಂದಿರುವ ಹೈಪೋಥಲಾಮಸ್ ಎಂಬ ಭಾಗ ಸೇರುವ ಜಾಗ ಹಾಳಾಗಿರುವುದು ಕಂಡುಬಂತು. 1949ರಲ್ಲಿ ಮೊರುಝಿ ಮತ್ತು ಮ್ಯಾಗೂನ್ ಎಂಬ ವಿಜ್ಞಾನಿಗಳು ಅರಿವಳಿಕೆಯಲ್ಲಿದ್ದ ಬೆಕ್ಕುಗಳ ಮೆದುಳುಕಾಂಡದ ಜಾಲರೂಪಿ ಭಾಗವನ್ನು ಸಣ್ಣ ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಮೆದುಳಿನ ವಿದ್ಯುತ್ ದಾಖಲೆಯಲ್ಲಿ ನಿದ್ರೆಯ ದೊಡ್ಡ ನಿಧಾನ ತರಂಗಗಳು ಮಾಯವಾಗಿ ಎಚ್ಚರದ ಚಿಕ್ಕ ವೇಗದ ತರಂಗಗಳು ಕಾಣಿಸಿಕೊಂಡವು. ಮೆದುಳಿನ ಉಳಿದ ಭಾಗವನ್ನು ಎಬ್ಬಿಸಿಡುವ ವ್ಯವಸ್ಥೆ ಮಧ್ಯಮೆದುಳಿನ ಮೂಲಕವೇ ಹಾದುಹೋಗುತ್ತದೆ. ಅದು ಮಲಗಿದ್ದ ಮಗು ಶಿಬಿರದ ಬಾಗಿಲಿನವರೆಗೆ ನಡೆದು ಬರಲು ಸಾಧ್ಯವಿರುವುದಿಲ್ಲ.

ನಡೆಯುವ ಮಾತು ಬಂದಿತಾದ್ದರಿಂದ ಇನ್ನೊಂದು ವಿಷಯ. ಮಧ್ಯಮೆದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಪಟ್ಟಿಯ ನರಕೋಶಗಳು ಡೋಪಮೈನ್ ಎಂಬ, ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವನ್ನು ತಯಾರಿಸುತ್ತವೆ. ಅವುಗಳಲ್ಲಿ ಬಹುಪಾಲು ನಶಿಸಿದಾಗ ಪಾರ್ಕಿನ್ಸನ್ ಕಾಯಿಲೆಯ ನಡುಕ, ಬಿಗಿತ, ಚಲನೆಯ ನಿಧಾನ ಕಾಣಿಸಿಕೊಳ್ಳುತ್ತವೆ. ಮಧ್ಯಮೆದುಳು ‘ನಿಷ್ಕ್ರಿಯ’ವಾಗುವುದೆಂದರೆ ಏನೆಂದು ತಿಳಿಯಬೇಕಾದವರು ಆ ರೋಗಿಗಳನ್ನು ನೋಡಬೇಕು.

ಇನ್ನು ಸೇತುವೆಯ ಮಾತು. ಎಡ ಮತ್ತು ಬಲ ಗೋಳಾರ್ಧಗಳನ್ನು ಬೆಸೆಯುವ ಮುಖ್ಯ ಸೇತುವೆ ಕಾರ್ಪಸ್ ಕ್ಯಾಲೋಸಮ್. ಸುಮಾರು 20 ಕೋಟಿ ನರತಂತುಗಳಿರುವ ಆ ಪಟ್ಟಿ ಮುಮ್ಮೆದುಳಿಗೆ ಸೇರಿದ್ದು. ಅದನ್ನು ಕತ್ತರಿಸಿದ ಅಪಸ್ಮಾರ ರೋಗಿಗಳ ಅಧ್ಯಯನಕ್ಕಾಗಿಯೇ ರೋಜರ್ ಸ್ಪೆರಿಯವರಿಗೆ 1981ರ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಶಿಬಿರದವರು ಸೇತುವೆಯ ವಿಳಾಸವನ್ನೇ ಬದಲಿಸಿಬಿಟ್ಟಿದ್ದಾರೆ.

ಸೀತಾಳೆದಂಡೆ

ಮೇಡಂ ಅವರ ವಿವರಣೆಗೆ ಗೌರವ ಸಲ್ಲಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ನನ್ನ ಮಗಳು ಇಂಥದೇ ತರಬೇತಿ ಪಡೆದಿದ್ದಾಳೆ. ಅವಳು ಪಟ್ಟಿ ಕಟ್ಟಿಕೊಂಡು ಓದುವುದನ್ನು ನಾನೇ ನೋಡಿದ್ದೇನೆ. ವೃತ್ತಿಯಿಂದ ಇಂಜಿನಿಯರ್ ಆದ ನಾನು ಎಲ್ಲವನ್ನೂ ಕಣ್ಣುಮುಚ್ಚಿ ನಂಬುವವನಲ್ಲ. ‘ಬ್ಲೈಂಡ್‌ಸೈಟ್’ ಎಂಬ ವಿದ್ಯಮಾನವನ್ನು ನಿಮ್ಮ ಶಾಸ್ತ್ರವೇ ಒಪ್ಪುತ್ತದೆ. ದೃಷ್ಟಿಯ ತೊಗಟೆ, ಅಂದರೆ ನೋಟವನ್ನು ನಿಭಾಯಿಸುವ ಮೆದುಳಿನ ಹೊರಪದರ, ನಾಶವಾದವರು ಸಹ ತಮಗೆ ಕಾಣದ ವಸ್ತುವನ್ನು ಸರಿಯಾಗಿ ತೋರಿಸುತ್ತಾರೆ, ಮತ್ತು ಅದಕ್ಕೆ ಮಧ್ಯಮೆದುಳಿನ ಮೇಲಿನ ಉಬ್ಬುಗಳೇ ಕಾರಣವಿರಬಹುದು ಎಂದು ಓದಿದ್ದೇನೆ. ಹಾಗಾದರೆ ಮಧ್ಯಮೆದುಳಿಗೆ ತನ್ನದೇ ಆದ ದೃಷ್ಟಿ ಇದೆ ಎಂದಾಯಿತಲ್ಲವೇ? ಅದನ್ನು ತರಬೇತಿಯಿಂದ ಬೆಳೆಸಲಾಗದು ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ?

ನರಜಾಲ

ಸೀತಾಳೆದಂಡೆಯವರು ಎತ್ತಿರುವುದು ಈ ಚರ್ಚೆಯ ಅತ್ಯುತ್ತಮ ಆಕ್ಷೇಪ. ಶಿಬಿರದವರಿಗೂ ಇಷ್ಟು ಗೊತ್ತಿದ್ದಂತಿಲ್ಲ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಬ್ಲೈಂಡ್‌ಸೈಟ್ ಕುರಿತ ಪ್ರಸಿದ್ಧ ಅಧ್ಯಯನವನ್ನು ಲಾರೆನ್ಸ್ ವೈಸ್‌ಕ್ರಾಂಟ್ಜ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಪ್ರಕಟಿಸಿದರು. ಡಿ.ಬಿ. ಎಂಬ ಅಕ್ಷರಗಳಿಂದ ಮಾತ್ರ ಗುರುತಿಸಲಾಗುವ ಆ ರೋಗಿಯ ಬಲ ಗೋಳಾರ್ಧದ ದೃಷ್ಟಿತೊಗಟೆಯ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗಿದ್ದುದರಿಂದ ಆತನ ನೋಟದ ಎಡ ಅರ್ಧ ಕುರುಡಾಗಿತ್ತು. ಅಲ್ಲಿ ಬೆಳಕಿನ ಚುಕ್ಕಿ ತೋರಿಸಿದರೆ ‘ಏನೂ ಕಾಣಿಸದು’ ಎನ್ನುತ್ತಿದ್ದರೂ, ಊಹಿಸಿಯಾದರೂ ಕೈ ತೋರಿಸಿ ಎಂದಾಗ ಸರಿಯಾದ ಜಾಗಕ್ಕೇ ಬೆರಳು ಹೋಗುತ್ತಿತ್ತು. ಗೆರೆ ನೆಟ್ಟಗಿದೆಯೋ ಅಡ್ಡವಿದೆಯೋ ಎಂಬ ಊಹೆಯೂ ಬಹುಮಟ್ಟಿಗೆ ಸರಿಯಾಗುತ್ತಿತ್ತು. ಇದಕ್ಕೆ ಕಾರಣವೆಂದು ಹೇಳುವ ಮಾರ್ಗ ಇಷ್ಟು: ಪ್ರತಿ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ತಂತುಗಳಿದ್ದು, ಬಹುಪಾಲು ಥಲಾಮಸ್ ಎಂಬ, ಮೆದುಳಿನ ನಡುವಿನ ನಿಲ್ದಾಣದ ಮೂಲಕ ಹಿಂಬದಿಯ ತೊಗಟೆಗೆ ಹೋಗುತ್ತವೆ, ಹತ್ತರಲ್ಲಿ ಒಂದರಷ್ಟು ತಂತುಗಳು ಮಧ್ಯಮೆದುಳಿನ ಆ ಉಬ್ಬುಗಳತ್ತ ಹೊರಳುತ್ತವೆ. ಈ ಎರಡನೆಯ ದಾರಿಯ ಜೊತೆಗೆ ಥಲಾಮಸ್‌ನಿಂದ ತೊಗಟೆಯ ಇತರ ಪ್ರದೇಶಗಳಿಗೆ ಹೋಗುವ ದಾರಿಗಳ ಪಾತ್ರವೂ ಇದೆಯೆಂದು ವಾದಿಸುವವರಿದ್ದಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ.

ಆದರೆ ಎರಡು ದಾರಿಗಳೂ ಹೊರಡುವ ಸ್ಥಳ ಒಂದೇ, ಅದು ರೆಟಿನಾ. ಡಿ.ಬಿ. ಅವರ ಕಣ್ಣುಗಳು ತೆರೆದಿದ್ದವು ಮತ್ತು ಬೆಳಕು ಅವುಗಳ ಮೇಲೆ ಬೀಳುತ್ತಿತ್ತು. ರೆಟಿನಾದ ಸುಮಾರು 12 ಕೋಟಿ ದಂಡಕೋಶಗಳಲ್ಲಿ, 60 ಲಕ್ಷ ಶಂಕುಕೋಶಗಳಲ್ಲಿ ಇರುವ ವರ್ಣಕದ ಅಣು ಬೆಳಕನ್ನು ಹೀರಿ ತನ್ನ ಆಕಾರ ಬದಲಿಸಿದಾಗಲೇ ‘ನೋಟ’ವೆಂಬ ರಾಸಾಯನಿಕ ಕ್ರಿಯೆ ಆರಂಭವಾಗುತ್ತದೆ. ಕಾರ್ಡಿನಿಂದ ಹೊರಟ ಬೆಳಕು ಅಲ್ಲಿಗೆ ತಲುಪದಿದ್ದರೆ, ಮಧ್ಯಮೆದುಳು ಎಷ್ಟೇ ಎಚ್ಚರವಾಗಿದ್ದರೂ ಅದಕ್ಕೆ ಆ ಕಾರ್ಡಿನ ಸುದ್ದಿಯನ್ನು ತಂದುಕೊಡುವವರು ಯಾರೂ ಇಲ್ಲ. ಸಾರಿಗೆ ಬಸ್ಸೇ ಹೊರಡದಿದ್ದ ದಿನ ಬಸ್ ನಿಲ್ದಾಣವನ್ನು ಎಷ್ಟು ಗುಡಿಸಿ ಸಾರಿಸಿದರೂ ಪ್ರಯಾಣಿಕರು ಬಂದಿಳಿಯುವುದಿಲ್ಲ.

ಇನ್ನೊಂದು ತೊಡಕೆಂದರೆ ಓದುವಿಕೆ. ಎಲ್ಲಿ ಏನೋ ಇದೆ ಎಂದು ಗುರುತಿಸುವುದಕ್ಕೂ ಅಕ್ಷರ ಓದುವುದಕ್ಕೂ ಅಜಗಜಾಂತರವಿದೆ. 1892ರಲ್ಲಿ ಫ್ರಾನ್ಸಿನ ವೈದ್ಯ ಡೆಜೆರಿನ್ ಒಬ್ಬ ರೋಗಿಯ ವೃತ್ತಾಂತವನ್ನು ದಾಖಲಿಸಿದರು. ಪಾರ್ಶ್ವವಾಯುವಿನ ನಂತರ ಆತನಿಗೆ ಬರೆಯಲು ಬರುತ್ತಿತ್ತು, ಮಾತನಾಡಲು ಬರುತ್ತಿತ್ತು, ವಸ್ತುಗಳೂ ಕಾಣಿಸುತ್ತಿದ್ದವು. ಆದರೆ ತಾನೇ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಹಾನಿಯಾಗಿದ್ದದ್ದು ಎಡ ಗೋಳಾರ್ಧದ ಹಿಂಭಾಗದಲ್ಲಿ. ಓದುವ ಕೆಲಸ ತೊಗಟೆಯದು ಎಂಬುದಕ್ಕೆ ನೂರು ವರ್ಷಕ್ಕೂ ಹಳೆಯದಾದ ಸಾಕ್ಷ್ಯವಿದು. ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 1,600 ಕೋಟಿಯಷ್ಟು ಮಹಾಮೆದುಳಿನ ತೊಗಟೆಯಲ್ಲಿವೆ, 6,900 ಕೋಟಿಯಷ್ಟು ಕಿರಿಮೆದುಳಿನಲ್ಲಿವೆ. ಮಧ್ಯಮೆದುಳೂ ಸೇರಿ ಉಳಿದೆಲ್ಲ ಭಾಗಗಳ ಪಾಲು 100 ಕೋಟಿಯನ್ನೂ ಮುಟ್ಟುವುದಿಲ್ಲ. ಸಂಖ್ಯೆಯೇ ಸಾಮರ್ಥ್ಯವಲ್ಲ, ಒಪ್ಪುತ್ತೇನೆ. ಆದರೂ ಕನ್ನಡದ ಒತ್ತಕ್ಷರಗಳನ್ನು ಬಿಡಿಸಿ ಓದುವ ಹೊರೆಯನ್ನು ಆ ಪುಟ್ಟ ಭಾಗದ ಮೇಲೆ ಹೊರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಚುಕ್ಕಿಲಿಪಿ

ನಾನು ದೃಷ್ಟಿವಿಶೇಷ ಮಕ್ಕಳ ಶಾಲೆಯಲ್ಲಿ ಶಿಕ್ಷಕ. ಕಾರ್ಡನ್ನು ಮೂಸಿ ಅಥವಾ ಸವರಿ ಬಣ್ಣ ತಿಳಿಯುತ್ತಾರೆ ಎಂಬ ಮಾತನ್ನೂ ಈ ಶಿಬಿರಗಳಲ್ಲಿ ಹೇಳುವುದರಿಂದ ಸ್ಪರ್ಶದ ಬಗ್ಗೆ ಕೆಲವು ವಿವರ ಸೇರಿಸುತ್ತೇನೆ.

ಬೆರಳತುದಿ ನಮ್ಮ ದೇಹದ ಅತಿ ಸೂಕ್ಷ್ಮ ಭಾಗಗಳಲ್ಲಿ ಒಂದು. ಎರಡು ಮೊನೆಗಳನ್ನು ಸುಮಾರು 2 ಮಿಲಿಮೀಟರ್ ಅಂತರದಲ್ಲಿ ಊರಿದರೂ ಅವು ಎರಡೆಂದು ಬೆರಳತುದಿಗೆ ತಿಳಿಯುತ್ತದೆ. ಬೆನ್ನಿನ ಮೇಲೆ ಅದಕ್ಕೆ ಸುಮಾರು 40 ಮಿಲಿಮೀಟರ್ ಅಂತರ ಬೇಕು. ಬ್ರೈಲ್ ಚುಕ್ಕಿಗಳು ಸುಮಾರು 2.5 ಮಿಲಿಮೀಟರ್ ಅಂತರದಲ್ಲಿರುವುದು ಈ ಮಿತಿಗೆ ಒಪ್ಪುವಂತೆಯೇ ಇದೆ. ಆದರೆ ಚರ್ಮದ ಗ್ರಾಹಕಗಳು ಒತ್ತಡ, ಕಂಪನ, ಶಾಖ, ತಂಪು, ನೋವುಗಳ ಸುದ್ದಿಯನ್ನು ಮಾತ್ರ ಒಯ್ಯುತ್ತವೆ. ನುಣುಪಾದ ಕಾರ್ಡಿನ ಮೇಲಿನ ಕೆಂಪನ್ನು ಹಸಿರಿನಿಂದ ಬೇರ್ಪಡಿಸುವ ಏರ್ಪಾಡು ಬೆರಳಿನಲ್ಲಿಲ್ಲ.

ಮೆದುಳು ಹೊಂದಿಕೊಳ್ಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಅವರ ಮೆದುಳಿನ ದೃಷ್ಟಿತೊಗಟೆ ಚಟುವಟಿಕೆಯಿಂದಿರುತ್ತದೆ ಎಂಬುದನ್ನು 1996ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಖಾಲಿ ಉಳಿದ ಜಾಗವನ್ನು ಸ್ಪರ್ಶ ಬಳಸಿಕೊಂಡಿತೆನ್ನಿ. ನಮ್ಮ ಮಕ್ಕಳು ಅದಕ್ಕಾಗಿ ವರ್ಷಗಟ್ಟಲೆ ದಿನವೂ ಅಭ್ಯಾಸ ಮಾಡುತ್ತಾರೆ, ಮತ್ತು ಓದುವುದು ಉಬ್ಬಿದ ಚುಕ್ಕಿಗಳನ್ನೇ ಹೊರತು ಮುದ್ರಿತ ಕಾಗದವನ್ನಲ್ಲ. ಎರಡು ದಿನಗಳಲ್ಲಿ ಕಣ್ಣಿಲ್ಲದೆ ಓದಿಸುವ ವಿದ್ಯೆ ನಿಜವಾಗಿದ್ದರೆ ಸಂಘಟಕರು ಮೊದಲು ಬರಬೇಕಾದದ್ದು ನಮ್ಮ ಶಾಲೆಗೆ. ಊರಿನಲ್ಲಿ ಇಂಥ ಶಿಬಿರಗಳು ನಡೆದಿವೆ, ನಮ್ಮ ಬಾಗಿಲಿಗೆ ಯಾರೂ ಬಂದಿಲ್ಲ. ನಾವಾಗಿ ಕೇಳಿದಾಗ ‘ಕಣ್ಣಿರುವ ಮಕ್ಕಳಿಗೆ ಮಾತ್ರ’ ಎಂಬ ಉತ್ತರ ಬಂತು.

ಹೇಮಾವತಿತೀರ

ಚುಕ್ಕಿಲಿಪಿಯವರ ಕೊನೆಯ ಸಾಲನ್ನು ಅಣ್ಣನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಹುಡುಗಿ ಓದಿದ್ದು ಹೇಗೆ?’ ಎಂದು ಕೇಳಿದರು. ಆಕೆ ಸುಳ್ಳು ಹೇಳುವಂಥ ಮಗುವಾಗಿ ತಮಗೆ ಕಾಣಲಿಲ್ಲ ಎಂಬುದು ಅವರ ವಾದ. ಆಲ್ಫಾ ತರಂಗಗಳ ಬಗ್ಗೆಯೂ ಕರಪತ್ರದಲ್ಲಿ ಏನೋ ಬರೆದಿದೆ.

ಕಡಲತಡಿ

ಮಂಗಳೂರಿನ ಕಡೆಯವನು, ಆಸ್ಪತ್ರೆಯೊಂದರಲ್ಲಿ ಇಇಜಿ (ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ) ತಂತ್ರಜ್ಞ. ಆಲ್ಫಾ ತರಂಗ ನನ್ನ ದಿನನಿತ್ಯದ ಅನ್ನ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದಾಗಲೇ ಈ ತರಂಗವನ್ನು ಗುರುತಿಸಿದ್ದರು. ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಇದು ಕಣ್ಣು ಮುಚ್ಚಿ ಆರಾಮವಾಗಿ ಕುಳಿತ ಬಹುತೇಕ ಎಲ್ಲರಲ್ಲಿಯೂ ತಲೆಯ ಹಿಂಭಾಗದಲ್ಲಿ ಎದ್ದು ಕಾಣುತ್ತದೆ, ಕಣ್ಣು ತೆರೆದೊಡನೆ ಕುಗ್ಗುತ್ತದೆ. ಅದನ್ನು ಬರಿಸಲು ಶುಲ್ಕ ಕಟ್ಟಬೇಕಾಗಿಲ್ಲ. ಅದು ದಾಖಲಾಗುವುದೂ ಮುಖ್ಯವಾಗಿ ತೊಗಟೆಯಿಂದ. ನೆತ್ತಿಯ ಮೇಲಿನ ಎಲೆಕ್ಟ್ರೋಡಿಗೆ ಅಷ್ಟು ಆಳದ ಮಧ್ಯಮೆದುಳಿನ ಸದ್ದು ಬಹುಮಟ್ಟಿಗೆ ಕೇಳಿಸುವುದೇ ಇಲ್ಲ.

ಹುಡುಗಿ ಓದಿದ್ದು ಹೇಗೆ ಎಂಬುದಕ್ಕೆ ಉತ್ತರ ಮೂಗು. ಮೂಗಿನ ಎರಡೂ ಪಕ್ಕದಲ್ಲಿ ಪಟ್ಟಿ ಕೆನ್ನೆಗೆ ಪೂರ್ತಿ ಅಂಟಿಕೊಳ್ಳುವುದಿಲ್ಲ. ಕೆಳಮುಖವಾಗಿ ನೋಡಿದರೆ ಮಡಿಲಿನಲ್ಲಿರುವ ಕಾರ್ಡು ಧಾರಾಳವಾಗಿ ಕಾಣುತ್ತದೆ. ಹೊಸ ತಂತ್ರವೇನಲ್ಲ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ರೋಸಾ ಕುಲೆಶೋವಾ ಎಂಬಾಕೆ ಬೆರಳಿನಿಂದ ಓದುತ್ತಾಳೆಂಬ ಸುದ್ದಿ ಜಗತ್ತೆಲ್ಲ ಹಬ್ಬಿದಾಗ, ಅಮೆರಿಕದ ವಿಜ್ಞಾನ ಲೇಖಕ ಮಾರ್ಟಿನ್ ಗಾರ್ಡ್ನರ್ 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಮೂಗಿನ ಪಕ್ಕದ ಸಂದಿಯ ಬಗ್ಗೆಯೇ ಲೇಖನ ಬರೆದರು. ನಮ್ಮ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಮಿಡ್‌ಬ್ರೈನ್ ಶಿಬಿರಗಳ ವಿರುದ್ಧ ಸಾರ್ವಜನಿಕವಾಗಿ ಸವಾಲು ಹಾಕುತ್ತ ಬಂದಿರುವುದು ಈ ಭಾಗದಲ್ಲಿ ಅನೇಕರಿಗೆ ಗೊತ್ತು.

ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾರ್ಡನ್ನು ಮಗುವಿನ ಕೈಗೆ ಕೊಡದೆ ಅದರ ಹಣೆಗಿಂತ ಮೇಲೆ ಹಿಡಿಯಿರಿ. ಅಥವಾ ಗಲ್ಲದ ಕೆಳಗೆ ಅಗಲವಾದ ರಟ್ಟು ಇಟ್ಟು ಕೆಳನೋಟವನ್ನು ಮರೆಮಾಡಿ. ಕಾರ್ಡು ಆರಿಸುವವರಿಗೂ ಅದು ಯಾವುದೆಂದು ತಿಳಿಯದಿರಲಿ, ಏಕೆಂದರೆ ದೊಡ್ಡವರ ಮುಖವನ್ನು, ದನಿಯನ್ನು ಓದುವುದರಲ್ಲಿ ಮಕ್ಕಳು ಬಲು ನಿಪುಣರು. ಕತ್ತಲೆ ಕೋಣೆಯಾದರೆ ಇನ್ನೂ ಸುಲಭ: ಮಧ್ಯಮೆದುಳಿನಿಂದ ಓದುವವರಿಗೆ ದೀಪದ ಅಗತ್ಯ ಇರಬಾರದು.

ಸೀತಾಳೆದಂಡೆ

ಪರೀಕ್ಷೆಯ ವಿಧಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಗು ಮೋಸ ಮಾಡುತ್ತದೆ ಎಂಬ ಧ್ವನಿ ನನಗೆ ಹಿಡಿಸಲಿಲ್ಲ. ನನ್ನ ಮಗಳು ಬೇಕೆಂದೇ ಯಾರನ್ನೂ ವಂಚಿಸುವವಳಲ್ಲ. ಮಕ್ಕಳ ಮೆದುಳು ಮೇಣದಂತೆ ಬದಲಾಗಬಲ್ಲದು ಎಂದು ನೀವೇ ಒಪ್ಪುತ್ತೀರಿ. ಹಾಗಿದ್ದಲ್ಲಿ ತರಬೇತಿಯಿಂದ ಏನೂ ಆಗಿಲ್ಲ ಎನ್ನುವುದು ಹೇಗೆ?

ನರಜಾಲ

ಮೋಸ ಎಂಬ ಪದವನ್ನು ನಾನಂತೂ ಬಳಸುವುದಿಲ್ಲ. ಇಲ್ಲಿಯೇ ಮಧ್ಯಮೆದುಳು ನಿಜವಾಗಿ ಮಾಡುವ, ಪಠ್ಯಪುಸ್ತಕಗಳು ಹೆಚ್ಚು ವಿವರಿಸದ ಒಂದು ಕೆಲಸ ನಮ್ಮ ನೆರವಿಗೆ ಬರುತ್ತದೆ. ಮೊದಲು ಹೇಳಿದ ಸಬ್‌ಸ್ಟಾನ್ಷಿಯಾ ನೈಗ್ರಾದ ಪಕ್ಕದಲ್ಲಿಯೇ ಇರುವ ಡೋಪಮೈನ್ ನರಕೋಶಗಳ ಇನ್ನೊಂದು ಗುಂಪು, ಪ್ರತಿಫಲದಿಂದ ಕಲಿಯುವ ವ್ಯವಸ್ಥೆಯ ಮೂಲ. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮಧ್ಯಮೆದುಳಿನ ಇಂಥ ನರಕೋಶಗಳ ಸಂಕೇತಗಳನ್ನು ಒಂದೊಂದಾಗಿ ದಾಖಲಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಅವು ಜೋರಾಗಿ ಮಿಡಿಯುತ್ತಿದ್ದವು. ರಸಕ್ಕೆ ಮೊದಲು ಪ್ರತಿಸಲವೂ ದೀಪ ಹೊತ್ತಿಸುತ್ತ ಹೋದಂತೆ, ಮಿಡಿತ ರಸವನ್ನು ಬಿಟ್ಟು ದೀಪಕ್ಕೆ ವರ್ಗವಾಯಿತು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಅದು ಬರಬೇಕಾಗಿದ್ದ ಕ್ಷಣದಲ್ಲಿ ಮಿಡಿತ ಮಾಮೂಲಿಗಿಂತಲೂ ಇಳಿಯುತ್ತಿತ್ತು. ನಿರೀಕ್ಷೆಗೂ ಫಲಕ್ಕೂ ನಡುವಿನ ವ್ಯತ್ಯಾಸವೇ ಕಲಿಕೆಯ ಸಂಕೇತ ಎಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಗಟ್ಟಿಯಾಯಿತು.

ಈಗ ಶಿಬಿರದ ಕೋಣೆಯನ್ನು ಕಲ್ಪಿಸಿಕೊಳ್ಳಿ. ಪಟ್ಟಿಯ ಕೆಳಗಿನ ಸಂದಿಯಲ್ಲಿ ಮಗುವಿಗೆ ಏನೋ ಬಣ್ಣ ಮಿಂಚಿದಂತೆ ಕಾಣುತ್ತದೆ, ಹೇಳುತ್ತದೆ, ಚಪ್ಪಾಳೆ ಬೀಳುತ್ತದೆ. ‘ನಿನ್ನ ಮಧ್ಯಮೆದುಳು ತೆರೆಯಿತು’ ಎಂದು ದೊಡ್ಡವರು ಆ ಅನುಭವಕ್ಕೆ ಹೆಸರನ್ನೂ ಕೊಡುತ್ತಾರೆ. ತಲೆಯನ್ನು ಹಾಗೆ ತುಸು ಹಿಂದಕ್ಕೆ ವಾಲಿಸುವ ಚಲನೆ ಮುಂದಿನ ಸಲ ಇನ್ನಷ್ಟು ಸುಲಭವಾಗಿ ಬರುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ. ತನಗೆ ಕಂಡದ್ದನ್ನು, ತನಗೆ ಕಲಿಸಿದ ಹೆಸರಿನಿಂದ ಕರೆಯುತ್ತಿದೆ. ಚಪ್ಪಾಳೆಗೆ ತಕ್ಕಂತೆ ಒಂದು ವರ್ತನೆಯನ್ನು ಗಟ್ಟಿಗೊಳಿಸುವ ಕೆಲಸವನ್ನು ಮಧ್ಯಮೆದುಳು ಅಲ್ಲಿ ಚೆನ್ನಾಗಿಯೇ ಮಾಡುತ್ತಿರುತ್ತದೆ, ಆದರೆ ಆ ಶಕ್ತಿ ಅದಕ್ಕೆ ಶಿಬಿರದಿಂದ ಬಂದದ್ದಲ್ಲ. ನನ್ನ ಆತಂಕವಿರುವುದು ಮುಂದಿನ ಹಂತದ ಬಗ್ಗೆ. ಸ್ವಲ್ಪ ದೊಡ್ಡದಾದಾಗ ತಾನು ಇಣುಕುತ್ತಿದ್ದೇನೆ ಎಂದು ಮಗುವಿಗೇ ಹೊಳೆಯುತ್ತದೆ. ಅಷ್ಟರಲ್ಲಿ ಅಪ್ಪ ಅಮ್ಮ ನೆಂಟರೆದುರು ಪ್ರದರ್ಶನ ಮಾಡಿಸಿಯಾಗಿರುತ್ತದೆ, ನಿಜ ಹೇಳುವ ದಾರಿ ಕಷ್ಟವಾಗಿರುತ್ತದೆ.

ಮೆದುಳಿನ ಬದಲಾವಣೆಯ ಬಗ್ಗೆ ಹೇಳುವುದಾದರೆ, ಅದಕ್ಕೆ ಕಾಲವೂ ಪುನರಾವರ್ತನೆಯೂ ಬೇಕು. ಲಂಡನ್ನಿನ ಟ್ಯಾಕ್ಸಿ ಚಾಲಕರ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರದ್ದಕ್ಕಿಂತ ದೊಡ್ಡದಾಗಿರುವುದನ್ನು 2000ದಲ್ಲಿ ಎಲೀನರ್ ಮಗ್ವಾಯರ್ ಅವರ ತಂಡ ವರದಿ ಮಾಡಿತು. ಆ ಚಾಲಕರು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಲು ವರ್ಷಗಳನ್ನೇ ಕಳೆದಿರುತ್ತಾರೆ. ಸಂಗೀತದಿಂದ ನೆನಪು ಬೆಳೆಸುತ್ತೇವೆಂಬ ಶಿಬಿರದವರು ನೆನಪಿಗೆ ಸಂಬಂಧಿಸಿದ ಈ ಹಿಪೊಕ್ಯಾಂಪಸ್‌ನ ಹೆಸರನ್ನೇ ಎತ್ತದಿರುವುದು ಗಮನಾರ್ಹ.

ಅರಳಿಕಟ್ಟೆ

ಬೆಂಗಳೂರಿಗೆ ಬರುವ ಅವಕಾಶವಿದ್ದರೆ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಮಗುವನ್ನು ಕರೆದೊಯ್ಯಿರಿ. ಸಂರಕ್ಷಿಸಿಟ್ಟ ನಿಜವಾದ ಮನುಷ್ಯರ ಮೆದುಳುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು, ಕೈಗವಸು ತೊಟ್ಟು ಮುಟ್ಟಲೂ ಬಿಡುತ್ತಾರೆ. ಹೊರಡುವ ಮೊದಲು ಯಾವ ದಿನಗಳಲ್ಲಿ ತೆರೆದಿರುತ್ತದೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸೀತಾಳೆದಂಡೆ

ಕಣ್ಣಿಲ್ಲದೆ ನೋಟವಿಲ್ಲ ಎಂಬಷ್ಟನ್ನು ಒಪ್ಪುತ್ತೇನೆ. ಆದರೂ ತರಬೇತಿಯ ನಂತರ ಮಗಳ ಏಕಾಗ್ರತೆ ಹೆಚ್ಚಿತು, ಅಂಕಗಳೂ ಏರಿದವು. ಇದನ್ನು ನಾನು ಹೇಗೆ ಅರ್ಥಮಾಡಿಕೊಳ್ಳಲಿ?

ನರಜಾಲ

ಏಕಾಗ್ರತೆ ಹೆಚ್ಚಿದ್ದು ನಿಜವಿರಬಹುದು, ಅದನ್ನು ನಾನು ಇಲ್ಲಿ ಕುಳಿತು ಅಲ್ಲಗಳೆಯಲಾರೆ. ಕಾರಣ ಯಾವುದು ಎಂಬುದಷ್ಟೇ ಪ್ರಶ್ನೆ. ಆ ವಯಸ್ಸಿನಲ್ಲಿ ಮುಂಭಾಗದ ತೊಗಟೆ ತಾನಾಗಿಯೇ ಬಲಿಯುತ್ತಿರುತ್ತದೆ. ಆ ಬೆಳವಣಿಗೆ ಇಪ್ಪತ್ತರ ನಂತರವೂ ಮುಂದುವರಿಯುತ್ತದೆ. ಅಂಕ ತೀರ ಕಡಿಮೆ ಬಂದಾಗಲೇ ಪೋಷಕರು ಇಂಥ ಶಿಬಿರ ಹುಡುಕುವುದರಿಂದ, ಮುಂದಿನ ಪರೀಕ್ಷೆಯಲ್ಲಿ ಅದು ಮಾಮೂಲಿ ಮಟ್ಟಕ್ಕೆ ಮರಳಿದರೂ ಏರಿಕೆಯಂತೆ ಕಾಣುತ್ತದೆ. ತಂದೆ ತನ್ನ ಜೊತೆ ಕುಳಿತು ಗಮನ ಕೊಡುತ್ತಿದ್ದಾರೆಂಬ ಸಂತೋಷವೂ ಸಣ್ಣ ಕಾರಣವಲ್ಲ.

ಬೇರ್ಪಡಿಸಿ ನೋಡಬೇಕೆಂದರೆ ಒಂದೇ ವಯಸ್ಸಿನ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಈ ಶಿಬಿರ, ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಚದುರಂಗ ಅಥವಾ ಚಿತ್ರಕಲೆ, ಅಷ್ಟೇ ಚಪ್ಪಾಳೆ. ಕೆಲವು ತಿಂಗಳ ನಂತರ, ಯಾವ ಮಗು ಯಾವ ಗುಂಪಿನದೆಂದು ತಿಳಿಯದವರು ಎರಡೂ ಗುಂಪಿನ ಏಕಾಗ್ರತೆಯನ್ನು ಒಂದೇ ಪರೀಕ್ಷೆಯಿಂದ ಅಳೆಯಬೇಕು. ಹೇಮಾವತಿತೀರ ಅವರೇ, ನಿಮ್ಮ ಅಣ್ಣ ಶುಲ್ಕ ಕಟ್ಟುವ ಮೊದಲು ಇಂಥ ಹೋಲಿಕೆಯ ಫಲಿತಾಂಶವೇನಾದರೂ ಇದೆಯೇ ಎಂದು ಸಂಘಟಕರನ್ನು ಕೇಳಲಿ. ಇದ್ದರೆ ಅದನ್ನು ಇಲ್ಲಿ ಹಾಕಿ, ಸಾಲು ಸಾಲಾಗಿ ಓದಿ ನೋಡೋಣ.